ಕ್ಯಾಸಿನೊ ಕಲೆ ಹತ್ತಿದ ಡೊಮೇನ್ ತೊಳೆದು ಮಾರಿದ್ದು: ನನ್ನ ಅನುಭವ

ಆ ಡೊಮೇನ್, ಅಂದರೆ ವೆಬ್‌ಸೈಟಿನ ಹೆಸರು, ಹಿಡಿದಾಗ ಗೆಳೆಯರೆಲ್ಲ ನಕ್ಕಿದ್ದರು. ‘ಕ್ಯಾಸಿನೊದವರು ಉಂಡು ಬಿಸಾಕಿದ ಎಲೆ, ಅದರಲ್ಲಿ ನೀನೇನು ಉಣ್ಣುತ್ತೀಯ?’ ಅಂತ.

ಹೆಸರು ಬರೆಯುವುದಿಲ್ಲ, ಈಗ ಅದು ಬೇರೆಯವರದು. ಎಂಟಕ್ಷರದ ಡಾಟ್ ಕಾಮ್ ಅಂದುಕೊಳ್ಳಿ. 2001ರ ಸುಮಾರಿಗೆ ಹುಟ್ಟಿದ್ದು. ಮೊದಲ ಹನ್ನೆರಡು ವರ್ಷ ಹಳೆ ಟೈಪ್‌ರೈಟರ್ ರಿಪೇರಿ ಮಾಡುವ ಒಬ್ಬರ ಕೈಲಿತ್ತು. ಆಮೇಲೆ ಎರಡು ವರ್ಷ ಆನ್‌ಲೈನ್ ಜೂಜು. ಆಮೇಲೆ ಬರೀ ಜಾಹೀರಾತಿನ ಪುಟ. 2021ರಲ್ಲಿ ಮತ್ತೆ ಡ್ರಾಪ್‌ಗೆ ಬಂತು, ಅಂದರೆ ನವೀಕರಿಸದೆ ಬಿಟ್ಟದ್ದರಿಂದ ಯಾರಾದರೂ ಕೊಳ್ಳುವಂತಾಯಿತು. ಅಳಿಸುವ ಮುಂಚಿನ ಐದು ದಿನದ ಪೆಂಡಿಂಗ್ ಡಿಲೀಟ್ ಮುಗಿಯುವ ಮುಂಚೆಯೇ ಬ್ಯಾಕ್‌ಆರ್ಡರ್ (ಬಿಡುಗಡೆಯಾದ ಕೂಡಲೇ ಹಿಡಿದುಕೊಡಿ ಅನ್ನುವ ಮುಂಗಡ ಬೇಡಿಕೆ) ಹಾಕಿ ಕೂತಿದ್ದೆ. 69 ಡಾಲರ್‌ಗೆ ಸಿಕ್ಕಿತು, ಪೈಪೋಟಿಗೆ ಒಬ್ಬರೂ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ?

ಮೊದಲ ಒಂದೂವರೆ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿ ಕೈ ಸುಟ್ಟುಕೊಂಡೆ. ಪಾರ್ಕಿಂಗ್‌ಗೆ, ಅಂದರೆ ಬರೀ ಜಾಹೀರಾತು ತೋರಿಸಲು, ಹಾಕಿದರೆ ತಿಂಗಳಿಗೆ ನಲವತ್ತು ಸೆಂಟ್ ದಾಟಲಿಲ್ಲ. ಬಂದವರನ್ನು ನನ್ನ ಇನ್ನೊಂದು ಸೈಟಿಗೆ ಕಾಯಂ ಆಗಿ ತಿರುಗಿಸುವ 301 ಕೊಟ್ಟೆ, ಅಲ್ಲಿದ್ದ ಟ್ರಾಫಿಕ್ಕೂ ಇಳಿಯಿತು. ಎರಡೇ ವಾರದಲ್ಲಿ ಕಿತ್ತು ಹಾಕಿದೆ. ಹತ್ತು ಲೇಖನ ಬರೆಸಿದ್ದಕ್ಕೆ 200 ಡಾಲರ್ ಹೋಯಿತು. ಬರೆದವರು ಟೈಪ್‌ರೈಟರ್ ಮುಟ್ಟಿಯೂ ನೋಡಿಲ್ಲ ಅಂತ ಎರಡನೇ ಸಾಲಿಗೇ ಗೊತ್ತಾಗುತ್ತಿತ್ತು. ಕೊಳ್ಳಬಹುದು ಅನ್ನಿಸಿದ ಅರವತ್ತು ಜನಕ್ಕೆ ಮೇಲ್ ಹಾಕಿದೆ. ಉತ್ತರ ಬಂದದ್ದು ಮೂರು, ಅದರಲ್ಲೊಂದು ಬೈಗುಳ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಈ ಹೆಸರಿಗೆ ಏನೇನು ಮೇಲ್ ಬರುತ್ತದೆ ನೋಡೋಣ ಅಂತ, ಈ ಡೊಮೇನಿನ ಯಾವ ವಿಳಾಸಕ್ಕೆ ಬಂದರೂ ಹಿಡಿಯುವ ಕ್ಯಾಚ್-ಆಲ್ ಹಾಕಿದೆ. ಮೂರನೇ ದಿನ, ಸ್ಪ್ಯಾಮಿನ ರಾಶಿಯಲ್ಲಿ, ಮೊದಲ ಮಾಲೀಕರು ಬಿಡಿಭಾಗ ತರಿಸುತ್ತಿದ್ದ ಅಂಗಡಿಯಿಂದ ಅವರ ಖಾತೆಯ ಬಗ್ಗೆ ಒಂದು ಮೇಲ್! ಪಾಸ್‌ವರ್ಡ್ ಮರೆತೆ ಅಂತ ಒತ್ತಿದ್ದರೆ ಅವರ ಖಾತೆಯ ಕೀಲಿ ನನ್ನ ಕೈಗೆ ಬರುತ್ತಿತ್ತು. ಎದೆ ಧಸಕ್ಕೆಂದಿತು. ಆವತ್ತೇ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಅಳಿಸಿದೆ.

ಆ ಮೊದಲ ಮಾಲೀಕರಿಗೆ ತಿಳಿಸಬೇಕು ಅನ್ನಿಸಿತು. ಆದರೆ ಹೇಗೆ? ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಬಂದ ಮೇಲೆ, ಅಂದರೆ 2018ರ ಮೇ ನಂತರ, ಡೊಮೇನ್ ಯಾರದೆಂದು ತೋರಿಸುವ ಹೂಇಸ್‌ನಲ್ಲಿ ಹೆಸರು ಕಾಣುವುದೇ ಅಪರೂಪವಾಗಿತ್ತು. ವೆಬ್‌ಸೈಟುಗಳ ಹಳೆ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ 2009ರ ಸಂಪರ್ಕ ಪುಟ ಸಿಕ್ಕಿತು. ಅಲ್ಲಿ ಬೇರೆ ಕಡೆಯ ಇಮೇಲ್ ವಿಳಾಸವೊಂದಿತ್ತು. ಬರೆದೆ. ಇಪ್ಪತ್ತು ದಿನ ಬಿಟ್ಟು ಉತ್ತರ ಬಂತು.

ಡೊಮೇನ್ ಹೋದ ಕಥೆ ಕೇಳಿ. ಕಾರ್ಡ್ ಅವಧಿ ಮುಗಿದಿತ್ತು, ಆಟೋ ರಿನ್ಯೂವಲ್ ಆಗಲಿಲ್ಲ. ನೆನಪಿಸುವ ಮೇಲ್‌ಗಳು ಹೋಗುತ್ತಿದ್ದದ್ದು ಇದೇ ಡೊಮೇನಿನ ವಿಳಾಸಕ್ಕೆ. ಡೊಮೇನ್ ನಿಂತಾಗ ಆ ವಿಳಾಸವೂ ನಿಂತಿತು. ಅವರು ಗಮನಿಸುವಷ್ಟರಲ್ಲಿ ರಿಡೆಂಪ್ಷನ್‌ಗೆ (ಹಳೆ ಮಾಲೀಕರು ದಂಡ ಕಟ್ಟಿ ಬಿಡಿಸಿಕೊಳ್ಳಬಹುದಾದ ಅವಧಿಗೆ) ಬಿದ್ದಿತ್ತು, ಬಿಡಿಸಿಕೊಳ್ಳಲು ನೂರು ಡಾಲರ್‌ಗಿಂತ ಜಾಸ್ತಿ ಕೇಳಿದರಂತೆ. ಬಿಟ್ಟುಬಿಟ್ಟರು.

ನಿಮ್ಮ ಹಳೆ ಲೇಖನ ಮತ್ತೆ ಹಾಕಲೇ ಅಂತ ಅವರನ್ನು ಕೇಳಿದೆ. ಒಂದೇ ಷರತ್ತು: ‘ರಿಬ್ಬನ್ ಸುತ್ತುವ ದಿಕ್ಕು ಒಂದು ಚಿತ್ರದಲ್ಲಿ ತಿರುಗುಮುರುಗಾಗಿದೆ, ಅದನ್ನು ಸರಿ ಮಾಡಿ.’ ಹತ್ತು ವರ್ಷದಿಂದ ಅದೇ ಅವರನ್ನು ಕೊರೆಯುತ್ತಿತ್ತಂತೆ!

ಸುಮಾರು ನಲವತ್ತು ಪುಟಗಳನ್ನು ಹಳೆ ಯುಆರ್‌ಎಲ್‌ನಲ್ಲೇ, ಕೊನೆಯ ಡಾಟ್ ಎಚ್‌ಟಿಎಮ್‌ಎಲ್ ಸಮೇತ, ನಿಲ್ಲಿಸಿದೆ. ಜೂಜಿನ ಮುನ್ನೂರು ಚಿಲ್ಲರೆ ಪುಟಗಳಿಗೆ 410, ಅಂದರೆ ‘ಈ ಪುಟ ಇನ್ನಿಲ್ಲ’ ಅನ್ನುವ ಉತ್ತರ, ಕೊಟ್ಟೆ. ಮುಖಪುಟಕ್ಕೆ ತಿರುಗಿಸುವ ಸೋಮಾರಿತನ ಮಾಡಲಿಲ್ಲ. ಬೇರೆ ಸೈಟುಗಳಿಂದ ಬರುತ್ತಿದ್ದ ಕೆಟ್ಟ ಲಿಂಕ್‌ಗಳಲ್ಲಿ ಯಾವುದನ್ನು ಡಿಸ್‌ಅವೋ ಮಾಡಿದೆ (ಲೆಕ್ಕಕ್ಕೆ ಹಿಡಿಯಬೇಡ ಅಂತ ಗೂಗಲ್‌ಗೆ ಹೇಳಿದೆ), ಯಾವುದನ್ನು ಬೇಕಂತಲೇ ಬಿಟ್ಟೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಅದಕ್ಕೆ ಸಾಕಷ್ಟು ನಿದ್ದೆ ಕೆಟ್ಟಿದ್ದೇನೆ.

ನಾಲ್ಕು ತಿಂಗಳು ಒಂದು ಎಲೆಯೂ ಅಲುಗಲಿಲ್ಲ. ಏಳನೇ ತಿಂಗಳಿಗೆ ದಿನಕ್ಕೆ ನೂರಿಪ್ಪತ್ತು ಜನ ಬರತೊಡಗಿದರು. ಹಳೆ ಲಿಂಕ್‌ಗಳು ಎಲ್ಲೆಲ್ಲೋ ಇನ್ನೂ ಹಾಗೇ ಇದ್ದವು. 2023ರ ಕೊನೆಗೆ ರಿಬ್ಬನ್ ಮಾರುವವರೊಬ್ಬರು ತಾವಾಗಿಯೇ ಬರೆದರು. 4,000 ಅಂದೆ, 2,600 ಡಾಲರ್‌ಗೆ ಇಳಿದು ಎಸ್ಕ್ರೊ ಮೂಲಕ, ಅಂದರೆ ಕೈ ಬದಲಾಗುವ ತನಕ ಹಣ ಮೂರನೆಯವರ ಬಳಿ ಇಟ್ಟು, ಮುಗಿಸಿದೆವು. ಎಲ್ಲ ಸೇರಿ ನನ್ನ ಖರ್ಚು 400ರ ಆಸುಪಾಸು. ಹಳೆ ಮಾಲೀಕರಿಗೆ 300 ಕೊಟ್ಟೆ. ಬೇಡ ಅಂದರು, ಬಿಡಲಿಲ್ಲ. ಉಳಿದದ್ದು ಹೆಚ್ಚುಕಡಿಮೆ 1,900.

2024ರ ಮಾರ್ಚ್‌ನಲ್ಲಿ ಗೂಗಲ್ ಅವಧಿ ಮುಗಿದ ಡೊಮೇನ್‌ಗಳ ದುರ್ಬಳಕೆಯನ್ನು, ಅಂದರೆ ಹಳೆ ಹೆಸರಿಗೆ ಏನಾದರೂ ತುಂಬಿ ಹುಡುಕಾಟದಲ್ಲಿ ಮೇಲೇರುವುದನ್ನು, ಸ್ಪ್ಯಾಮ್ ನೀತಿಗೆ ಸೇರಿಸಿತು. ನಕ್ಕವರಲ್ಲಿ ಇಬ್ಬರು ಆಗ ಫೋನ್ ಮಾಡಿ ‘ಹೇಗೆ ಮಾಡಿದೆ?’ ಅಂತ ಕೇಳಿದರು. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ಅಂದಹಾಗೆ, ಡೊಮೇನ್ ವರ್ಗಾಯಿಸಲು ಬೇಕಾದ ಗುಟ್ಟಿನ ಆಥ್ ಕೋಡ್ ಕೊಡುವ ಮುಂಚೆ ಹೊಸ ಮಾಲೀಕರನ್ನು ಒಂದು ಮಾತು ಕೇಳಿದ್ದೆ: ‘ರಿನ್ಯೂವಲ್ ಮೇಲ್ ಯಾವ ವಿಳಾಸಕ್ಕೆ ಬರುತ್ತದೆ?’ ಅದೇ ಡೊಮೇನಿನ ವಿಳಾಸ ಹೇಳಿದರು! ಬೇರೆಯದು ಕೊಡುವ ತನಕ ಕೋಡ್ ಕಳಿಸಲಿಲ್ಲ.