ಹಳ್ಳಿಯ ರೋಗಿಗಳು ನಿಮ್ಮನ್ನು ನಂಬಬೇಕಾದರೆ: ಮಿಷನ್ ನರ್ಸ್ ಒಬ್ಬಳ ಅನುಭವ

ಮಿಷನ್ ಆಸ್ಪತ್ರೆಯಿಂದ ಹಳ್ಳಿಗಳಿಗೆ ಹೋಗಲು ಶುರು ಮಾಡಿದಾಗ, ಒಳ್ಳೇ ಔಷಧಿ ಕೊಟ್ಟರೆ ಜನ ತಾವಾಗೇ ನಂಬುತ್ತಾರೆ ಅಂದುಕೊಂಡಿದ್ದೆ. ಮೊದಲ ತಿಂಗಳಲ್ಲೇ ತಪ್ಪು ಮಾಡಿದೆ. ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿಯನ್ನು ಎಲ್ಲರೆದುರು, "ಕಫದಲ್ಲಿ ರಕ್ತ ಬರುತ್ತಾ?" ಅಂತ ಜೋರಾಗಿ ಕೇಳಿಬಿಟ್ಟೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಎದ್ದು ಹೋದರು. ಮತ್ತೆ ಬರಲೇ ಇಲ್ಲ.

ಹಾಗಾಗಿ ಮೊದಲು ಕೂರುವ ಜಾಗ ನೋಡಿಕೊಳ್ಳಿ. ಒಂದು ಹಗ್ಗ, ಒಂದು ಬೆಡ್‌ಶೀಟ್ ಸಾಕು. ಪರದೆ ಕಟ್ಟಿದ ಮೇಲೆ ಜೊತೆಯವರನ್ನು ಸಾಲಿನ ಮುಂದೆ ನಿಲ್ಲಿಸಿ, ನಿಮ್ಮ ಮಾತು ಅವರಿಗೆ ಕೇಳುತ್ತಾ ನೋಡಿ. ಕೇಳಿದರೆ ಸಾಲನ್ನು ಇನ್ನೂ ಹಿಂದಕ್ಕೆ ಕಳಿಸಿ.

ಮುಂದೆ ಏನಾಗುತ್ತೆ ಅಂತ ಮೊದಲೇ ಹೇಳಿ. ನನಗೆ ಇದಕ್ಕಿಂತ ಹೆಚ್ಚು ಕೈ ಹಿಡಿದದ್ದು ಬೇರೆ ಇಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ. ಬೆವರು, ಕಣ್ಣೀರಿಗೂ ಬಣ್ಣ ಬರಬಹುದು. ಹೇಳದೇ ಕಳಿಸಿದರೆ ರಕ್ತ ಹೋಗ್ತಿದೆ ಅಂತ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಹೇಳಿ ಕಳಿಸಿದರೆ ಮರುದಿನ ಅದೇ ಬಣ್ಣ ನೋಡಿ "ಸಿಸ್ಟರ್ ಹೇಳಿದ ಹಾಗೇ ಆಯ್ತು" ಅನ್ನುತ್ತಾರೆ. ಕೆಲವೇ ವಾರದಲ್ಲಿ ಕೆಮ್ಮು ಕಡಿಮೆಯಾದರೂ ಮಾತ್ರೆ ಸಾಮಾನ್ಯವಾಗಿ 6 ತಿಂಗಳು ಬೇಕು ಅಂದಾಗ, ಆ ಮಾತಿಗೂ ಬೆಲೆ ಬರುತ್ತೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಡ ಮಾಡದೆ ಬರಬೇಕು, ಪಿತ್ತಜನಕಾಂಗಕ್ಕೆ ಅಂದರೆ ಲಿವರ್‌ಗೆ ತೊಂದರೆ ಆಗಿರಬಹುದು ಅಂತಲೂ ಹೇಳಿ. ಕೆಟ್ಟ ಪರಿಣಾಮ ಹೇಳಿದರೆ ಓಡಿಹೋಗುತ್ತಾರೆ ಅನ್ನೋದು ಸುಳ್ಳು.

"ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ. ಮಗುವಿಗೆ ಭೇದಿಯಾಗಿ, ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ತಾಯಿಯ ಕೈಯಲ್ಲೇ ದ್ರಾವಣ ಮಾಡಿಸಿ: 1 ಲೀಟರ್ ಶುದ್ಧ ನೀರು, 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗುಪ್ಪೆಯಾಗದಂತೆ ಬೆರಳಿನಿಂದ ಸವರಬೇಕು. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಅವರು ಸವರುವುದನ್ನು ಕಣ್ಣಾರೆ ನೋಡಿ, ಆಮೇಲೆ ಎದ್ದೇಳಿ.

ಬರೀ ವೈದ್ಯರು ಇದ್ದರೆ ಸಾಲದು ಅನ್ನೋದಕ್ಕೆ ಅಮೆರಿಕದ ಮಿಷನರಿ ಕುಟುಂಬದ ಐಡಾ ಸ್ಕಡರ್ ಅವರ ಕಥೆ ನನಗೆ ಯಾವಾಗಲೂ ನೆನಪಾಗುತ್ತೆ. ಒಂದೇ ರಾತ್ರಿ ಮೂರು ಮನೆಯವರು ಹೆರಿಗೆಗೆ ಸಹಾಯ ಕೇಳಿ ಬಂದರು. ಐಡಾ ಅವರ ತಂದೆ ಡಾಕ್ಟರ್, ಆದರೆ ಗಂಡಸು ಅಂತ ಯಾರೂ ಒಪ್ಪಲಿಲ್ಲ. ಮೂವರೂ ತಾಯಂದಿರು ತೀರಿಕೊಂಡರು. ಆಮೇಲೆ ಐಡಾ ಓದಿ ಡಾಕ್ಟರ್ ಆಗಿ, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ದವಾಖಾನೆ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆಯನ್ನೂ ಶುರು ಮಾಡಿದರು. ನಿಮ್ಮ ತಂಡದಲ್ಲಿ ಹೆಣ್ಣುಮಕ್ಕಳು ಇಲ್ಲದಿದ್ದರೆ ಅದನ್ನು ಮೊದಲು ಸರಿಮಾಡಿ.

ಇನ್ನು ಪ್ರಾರ್ಥನೆ. ನನ್ನ ನಂಬಿಕೆ ನನಗೆ ಉಸಿರಿದ್ದ ಹಾಗೆ, ಮುಚ್ಚಿಡುವುದಿಲ್ಲ. ಆದರೆ ಮಾತ್ರೆ ಅವರ ಕೈ ಸೇರಿ, ಮುಂದಿನ ಭೇಟಿಯ ದಿನ ಬರೆದುಕೊಟ್ಟ ಮೇಲೆಯೇ "ಪ್ರಾರ್ಥಿಸಲಾ?" ಅಂತ ಕೇಳುತ್ತೇನೆ. ಔಷಧಿಗೆ ಇದೇ ಬೆಲೆ ಅಂತ ಯಾರಿಗೂ ಅನ್ನಿಸಬಾರದು. ಒಬ್ಬ ಅಜ್ಜ "ಬೇಡಮ್ಮ" ಅಂದರು. "ಆಗಲಿ ಅಜ್ಜ, ಬಿಪಿ ಮಾತ್ರೆ ಮರೀಬೇಡಿ" ಅಂದೆ. ಮುಂದಿನ ತಿಂಗಳು ಅಜ್ಜಿಯನ್ನೂ ಕರಕೊಂಡು ಬಂದರು.

ಹೇಳಿದ ದಿನ ತಪ್ಪಿಸಬೇಡಿ. ಗಾಡಿ ಕೆಟ್ಟರೆ ಸುದ್ದಿಯಾದರೂ ಮುಟ್ಟಿಸಿ. ಹತ್ತು ಹಳ್ಳಿಗೆ ಒಮ್ಮೊಮ್ಮೆ ಹೋಗುವುದಕ್ಕಿಂತ ನಾಲ್ಕಕ್ಕೆ ತಪ್ಪದೇ ಹೋಗಿ.

ರೋಗಿ ತೀರಿಕೊಂಡರೆ ಆ ಮನೆಗೂ ಹೋಗಿ. ಕಾಲು ಹಿಂದೆ ಎಳೆಯುತ್ತೆ, ನನಗೆ ಗೊತ್ತು. ನಾವು ದೊಡ್ಡಾಸ್ಪತ್ರೆಗೆ ಕಳಿಸಿದ್ದ ಒಂದು ಮಗು ಉಳಿಯಲಿಲ್ಲ. ಆ ವಾರವೇ ಹೋದೆ. ಬಾಗಿಲ ಹತ್ತಿರ ನೆಲದಲ್ಲೇ ಕೂತೆ. ಹೇಳೋಕೆ ಏನೂ ಇರಲಿಲ್ಲ, ಸುಮ್ನೆ ಇದ್ದೆ. ತುಂಬಾ ಹೊತ್ತಿನ ಮೇಲೆ ತಾಯಿ ಒಳಗೆ ಹೋಗಿ ಚಿಕ್ಕ ಮಗುವನ್ನು ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದರು. "ಇವನಿಗೂ ನಿನ್ನೆಯಿಂದ ಮೈ ಬಿಸಿ ಇದೆ, ನೋಡ್ತೀರಾ ಸಿಸ್ಟರ್?"