ವಾಡೆಯ ಕಪಾಟು, 9 ಅಡಿಯ ಛಾವಣಿ

ನವಲಗುಂದ ಕಡೆಯ ನಮ್ಮ ಹಳೇ ದೊಡ್ಡ ಮನೆ, ಅಂದರೆ ವಾಡೆ, ಕೆಡವುವಾಗ ಅಣ್ಣ ಫೋನ್ ಮಾಡಿ, "ಸಾಮಾನ ಏನರ ಬೇಕೇನು?" ಅಂದ. ಎಲ್ಲಾ ಬೇಕು ಅಂದುಬಿಟ್ಟೆ. ಸಾಗವಾನಿ ಕಪಾಟು, ಬೆತ್ತದ ಆರಾಮ ಕುರ್ಚಿ, ತೂಗುಮಣೆ, ಮೂರೂ ಹುಬ್ಬಳ್ಳಿ ವಿದ್ಯಾನಗರದ ಫ್ಲ್ಯಾಟಿಗೆ ಟೆಂಪೋ ಹತ್ತಿ ಬಂದವು. 7 ಅಡಿಯ ಕಪಾಟು ಲಿಫ್ಟಿನಲ್ಲಿ ಹಿಡಿಸಲಿಲ್ಲ. ನಾಲ್ಕು ಮಂದಿ ಮೆಟ್ಟಿಲು ಹತ್ತಿ ಹೊತ್ತು ತಂದರು.

ಹಾಲಿನಲ್ಲಿ ಇಟ್ಟು ನೋಡಿ ಅವ್ವ ಅಂದಳು, "ಎಮ್ಮಿ ಅಡ್ಡ ನಿಂತಂಗ ಆತಲ್ಲೋ." ಊರ ಪಡಸಾಲಿಯಲ್ಲಿ ಅದೇ ಕಪಾಟು ಸಣ್ಣದಾಗಿ ಕಾಣುತ್ತಿತ್ತು. ಅಲ್ಲಿ ಎತ್ತರದ ಜಂತಿ, ಮಣ್ಣಿನ ಗೋಡೆ, ಮಬ್ಬು ಬೆಳಕು. ಇಲ್ಲಿ ಫಾಲ್ಸ್ ಸೀಲಿಂಗ್ ಇಳಿದು 9 ಅಡಿ, ಬಿಳಿ ಗೋಡೆ, ದೊಡ್ಡ ಕಿಟಕಿ. ಕಪ್ಪು ಕಟ್ಟಿಗೆಗೆ ಅಡಗಲು ಜಾಗವೇ ಇಲ್ಲ.

ಬಡಿಗೇರರನ್ನು ಕರೆಸಿದೆ. ತಲೆಯ ಮೇಲಿನ ಕೆತ್ತನೆಪಟ್ಟಿ ಬರೀ ಗೂಟದ ಮೇಲೆ ಕೂತಿತ್ತು, ಎತ್ತಿದರೆ ಬಂತು. ಕೆಳಗೆ ಯಾರೋ ಆಮೇಲೆ ಬಡಿದ ಹಲಗೆ ಕಿತ್ತಾಗ ಅರ್ಧ ಅಡಿಯ ಕಾಲು ಹೊರಬಿದ್ದವು. ಅಷ್ಟಕ್ಕೇ ಅರ್ಧ ಭಾರ ಇಳಿದಂತಾಯಿತು! ಅಂದಿನಿಂದ ಕೆಳಗೆ ನೆಲ ಕಾಣದ ಹಳೇ ಸಾಮಾನನ್ನು ನಾನು ಫ್ಲ್ಯಾಟಿನೊಳಗೆ ತರುವುದಿಲ್ಲ. ಯಾವ ಸಾಮಾನನ್ನೂ ಜಾಗಕ್ಕೆ ಇಡುವ ಮುಂಚೆ ಅದರ ಅಳತೆಗೆ ಪೇಪರ್ ಹಾಸಿ ಎರಡು ದಿನ ಅದನ್ನು ಸುತ್ತುಹಾಕಿ ಓಡಾಡುತ್ತೇನೆ. ಆರಾಮ ಕುರ್ಚಿಗೆ ಹಾಗೆ ಹಾಸಿದಾಗಲೇ ಗೊತ್ತಾದದ್ದು: ಕಾಲು ಚಾಚಲು ಅದರ ಕೈಗಳು ಉದ್ದ, ಹಿಂದುಮುಂದು 5 ಅಡಿ ಬೇಕು. ಸೋಫಾ ಹೊರಹೋಯಿತು. ಕುರ್ಚಿಯ ಕೆಳಗೆ ನವಲಗುಂದದ ಜಮಖಾನೆ ಬಂತು.

ಊಟದ ಮೇಜಿಗೆ ಅಂಗಡಿಯವರು ತೋರಿಸಿದ ಕೆತ್ತನೆಯ 'ಮಹಾರಾಜ' ಕುರ್ಚಿ ಬೇಡವೆಂದೆ. ಕೆತ್ತನೆ ಎಂದದ್ದು ಅಂಟಿಸಿದ ಅಚ್ಚು. ಬದಲಿಗೆ ಬಾಗಿಸಿದ ಕಟ್ಟಿಗೆಯ ಕುರ್ಚಿಯ ನಕಲು ತಂದೆ. ಮೂಲ 1859ರದು, ವಿಯೆನ್ನಾದ ಥೋನೆಟ್ ಕಂಪನಿಯದು. 6 ತುಂಡು, 10 ಸ್ಕ್ರೂ, 2 ನಟ್. ಬಿಚ್ಚಿದರೆ 36 ಕುರ್ಚಿ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವಂತೆ. ಬೆನ್ನಿನ ಬಳುಕು ಹಳೇದು, ಭಾರ ಇಲ್ಲವೇ ಇಲ್ಲ. ಇಂಥ ಮನೆಗೆ ಇದಕ್ಕಿಂತ ಒಗ್ಗುವ ಹಳೇ ಕುರ್ಚಿ ನಾನು ಕಂಡಿಲ್ಲ.

ತೂಗುಮಣೆ ಮಾತ್ರ ಸೋಲಿಸಿತು. ಸ್ಲ್ಯಾಬ್ ಹಾಕುವಾಗಲೇ ಕೊಂಡಿಯನ್ನು ಸರಳಿಗೆ ಕಟ್ಟಿರಬೇಕಿತ್ತು. ಫಾಲ್ಸ್ ಸೀಲಿಂಗಿನ ಚೌಕಟ್ಟು ಜಿಪ್ಸಮ್ ಹೊರಲಷ್ಟೇ. ಅದಕ್ಕೆ ಮನುಷ್ಯರನ್ನು ತೂಗುಹಾಕಬೇಡಿ. ಕೊನೆಗೆ ಮಣೆಗೆ ಕಬ್ಬಿಣದ ಕಾಲು ಹಚ್ಚಿಸಿ ಬಾಲ್ಕನಿಯಲ್ಲಿ ಬೆಂಚು ಮಾಡಿದೆ. ಅವ್ವ ಸಂಜೆ ಅಲ್ಲೇ ಕೂಡುತ್ತಾಳೆ. ಹಿತ್ತಾಳೆಯ ಸರಪಳಿ ಎಲ್ಲಿಟ್ಟೀ ಅಂತ ವಾರಕ್ಕೊಮ್ಮೆ ಕೇಳುತ್ತಾಳೆ.