ಮೊದಲು ರಾಗಿ ಗಂಟು, ಆಮೇಲೆ ಗಿನಿಪಿಗ್

ಮಗಳಿಗೆ ಐದು ತುಂಬಿದ ಮೇಲೆಯೇ ನಾವು ಗಿನಿಪಿಗ್ ತಂದಿದ್ದು, ಇಲಿ ಜಾತಿಯದೇ ಒಂದು ಸಾಕುಪ್ರಾಣಿ. ಅವಳು ಒಂದು ವರ್ಷದಿಂದ ಕೇಳುತ್ತಲೇ ಇದ್ದಳು. ಆದರೆ ಮಕ್ಕಳ ಡಾಕ್ಟರ್ ಬೇಡ ಅಂದಿದ್ದರು. ಐದರ ಒಳಗಿನ ಮಕ್ಕಳು ಸುಮ್ಮಸುಮ್ಮನೆ ಕೈ ಬಾಯಿಗೆ ಹಾಕುತ್ತಾರೆ. ಇಲಿ ಜಾತಿಯ ಪ್ರಾಣಿ ಎಷ್ಟೇ ಆರೋಗ್ಯವಾಗಿ ಕಂಡರೂ ಅದರ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಚಿಕ್ಕ ಮಕ್ಕಳಿಗೆ ಅದು ಜಾಸ್ತಿ ತೊಂದರೆ ಕೊಡುತ್ತದೆ. ಒಂದು ವರ್ಷ ಕಾದಿದ್ದಕ್ಕೆ ನನಗೆ ಸಮಾಧಾನವೇ ಇದೆ.

ಇಲಿ ಜಾತಿಯದೇ ಇನ್ನೊಂದು ಪುಟ್ಟ ಪ್ರಾಣಿ ಹ್ಯಾಮ್‌ಸ್ಟರ್ ಬೇಡ ಅಂದಿದ್ದು ನಾನು. ಅದು ಹಗಲೆಲ್ಲ ಮಲಗಿ ರಾತ್ರಿ ಓಡಾಡುತ್ತದೆ. ಶಾಲೆಯಿಂದ ಬಂದ ಮಗು ನಿದ್ದೆಯಲ್ಲಿರುವುದನ್ನು ಎಬ್ಬಿಸಿದರೆ ಕಚ್ಚದೆ ಬಿಡುತ್ತಾ? ಗಿನಿಪಿಗ್ ಹಗಲಲ್ಲೂ ಎದ್ದಿರುತ್ತದೆ. ಬೆಳೆದ ಮೇಲೆ ಒಂದು ಕೆಜಿ ಹತ್ತಿರ ತೂಗುತ್ತದೆ, ಮುಷ್ಟಿಯಲ್ಲಿ ಹಿಸುಕಿಬಿಡುವಷ್ಟು ಸಣ್ಣದಲ್ಲ. ಒಂಟಿಯಾಗಿ ಇರಲಾರದು, ಅದಕ್ಕೆ ಎರಡು ಹೆಣ್ಣು ಮರಿ ತಂದೆವು. ಹೆಸರು ಬೆಲ್ಲ ಮತ್ತು ಕೊಬ್ಬರಿ.

ಅತ್ತೆಗೆ ಇಷ್ಟವಿರಲಿಲ್ಲ. "ಇಲಿ ಹಿಡಿಯೋಕೆ ಬೋನು ಇಡ್ತೀವಿ, ನೀನು ದುಡ್ಡು ಕೊಟ್ಟು ತರ್ತೀಯಲ್ಲಮ್ಮ. ಮಕ್ಕಳಿಗೆ ಇಲಿಜ್ವರ ಬಂದ್ರೆ?" ಅಂದರು. ಅವರ ಭಯ ಸರಿಯಾಗಿಯೇ ಇತ್ತು. ಇಲಿಜ್ವರ ಸೋಂಕಿರುವ ಪ್ರಾಣಿಯ ಮೂತ್ರದಿಂದ ಬರುತ್ತದೆ. ಹೊರಗಿನ ಇಲಿ, ಹೆಗ್ಗಣ ಗೂಡಿನ ಹತ್ತಿರ ಸುಳಿಯಬಾರದು. ಹಾಗಾಗಿ ಗೂಡನ್ನು ವರಾಂಡದಲ್ಲಿ ಇಡದೆ ಹಾಲ್‌ನ ಮೂಲೆಗೆ ತಂದೆವು. ಒಣಹುಲ್ಲು ಮುಚ್ಚಳದ ಡ್ರಮ್ಮಿನಲ್ಲಿ. ತಿಂದು ಬಿಟ್ಟ ಸೊಪ್ಪು ರಾತ್ರಿಯೇ ಆಚೆಗೆ. ಅವುಗಳ ಬಟ್ಟಲನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯುವುದಿಲ್ಲ.

ಮೊದಲ ಹತ್ತು ದಿನ ಯಾರೂ ಮುಟ್ಟಲಿಲ್ಲ. ಮೇಲಿಂದ ಕೈ ಬಂದರೆ ಆ ಪ್ರಾಣಿಗೆ ಹದ್ದು ಎರಗಿದ ಹಾಗೆ. ದಿನಾ ಸಂಜೆ ಮಗಳು ಚಾಪೆ ಮೇಲೆ ಕೂತು ಕೊತ್ತಂಬರಿ ಕಡ್ಡಿ ಚಾಚಿ ಕಾಯಬೇಕು, ಅಷ್ಟೇ. ಆರನೇ ದಿನ ಬೆಲ್ಲ ಮಡಕೆಯ ಹಿಂದಿನಿಂದ ಮೂಗು ಹೊರಗಿಟ್ಟಳು. ಮೂಗು ಅದುರುತ್ತಿತ್ತು. ಎಲೆ ಬಾಯಿಗೆ ಸಿಕ್ಕಿತು, ಕಡ್ಡಿ ಚೂರುಚೂರೇ ಒಳಗೆ ಹೋಗುತ್ತಾ ಹೋಗುತ್ತಾ ಮೀಸೆ ಮಗಳ ಬೆರಳಿಗೆ ತಾಗಿತು. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. "ಅಮ್ಮಾ, ಕಚಗುಳಿ" ಅಂತ ಪಿಸುಗುಟ್ಟಿದಳು.

ಎತ್ತಿಕೊಳ್ಳುವುದನ್ನು ಕಲಿಸಿದ್ದು ರಾಗಿಯಿಂದ. ಹಳೇ ಹತ್ತಿ ಚೀಲಕ್ಕೆ ಮುಕ್ಕಾಲು ಕೆಜಿ ರಾಗಿ ತುಂಬಿ ಗಂಟು ಕಟ್ಟಿದೆ. ಕಾಲು ಚಾಚಿ ನೆಲದ ಮೇಲೆ ಕೂರಬೇಕು, ತೊಡೆ ಮೇಲೆ ಟವೆಲ್. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ನಿಂತು ಎತ್ತುವಂತಿಲ್ಲ. ಗಿನಿಪಿಗ್ ಬೆಕ್ಕಿನ ಹಾಗೆ ಕಾಲೂರಿ ಇಳಿಯುವ ಪ್ರಾಣಿಯಲ್ಲ, ಸೋಫಾ ಎತ್ತರದಿಂದ ಬಿದ್ದರೂ ಕಾಲೋ ಬೆನ್ನೋ ಮುರಿಯಬಹುದು. ಮೂರನೇ ದಿನ ಅವಳು ಮರೆತು ಗಂಟು ಹಿಡಿದು ಎದ್ದಳು. ಧೊಪ್ ಅಂತ ಬಿತ್ತು. ಅವಳೇ ನನ್ನ ಮುಖ ನೋಡಿದಳು. ನಾನೇನೂ ಹೇಳಬೇಕಾಗಲಿಲ್ಲ. ಒಂದು ವಾರ ಗಂಟು ಕೆಳಗೆ ಬೀಳದೆ ಇದ್ದ ಮೇಲೆ ಬೆಲ್ಲ ಅವಳ ತೊಡೆಗೆ ಬಂದಳು. ಐದು ನಿಮಿಷ ಮಾತ್ರ, ನಾನು ಪಕ್ಕದಲ್ಲೇ.

ಒಂದು ಸಲ ಕಚ್ಚಿಸಿಕೊಂಡಳು. ತಪ್ಪು ನನ್ನದು, ನಾನು ಫೋನಿನಲ್ಲಿದ್ದೆ. ಕ್ಯಾರೆಟ್ ತಿಂದ ಬೆರಳನ್ನು ಹಾಗೇ ಸರಳಿನ ಸಂದಿಗೆ ಹಾಕಿದ್ದಳು. ಕೊಬ್ಬರಿಗೆ ಅದು ಕ್ಯಾರೆಟ್ಟೇ ಅಲ್ವಾ! ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿದೆವು. ಅಲ್ಲಿಂದ ಮುಟ್ಟುವ ಮೊದಲೂ ಕೈ ತೊಳೆಯಬೇಕು, ಆಮೇಲೂ ತೊಳೆಯಬೇಕು. ಮುತ್ತು ಕೊಡುವುದಂತೂ ಇಲ್ಲವೇ ಇಲ್ಲ. ಇದನ್ನು ಒಪ್ಪಿಸೋಕೆ ತುಂಬಾ ದಿನ ಬೇಕಾಯಿತು, ಅಳುವೂ ಆಯಿತು.

ಈಗ ಅವಳು ಅವುಗಳ ಮನಸ್ಸು ಓದುತ್ತಾಳೆ. ಹಲ್ಲು ಕಟಕಟ ಅಂದರೆ, ಕಲ್ಲಿನ ಹಾಗೆ ಮರಗಟ್ಟಿ ಕೂತರೆ "ಸಾಕಂತೆ ಅಮ್ಮ" ಅಂತ ಗೂಡಿಗೆ ಬಿಡುತ್ತಾಳೆ. ಇದ್ದಕ್ಕಿದ್ದಂತೆ ಕಡಲೆ ಸಿಡಿದ ಹಾಗೆ ಮೇಲಕ್ಕೆ ಹಾರಿದರೆ ಖುಷಿ ಅಂತ ಗೊತ್ತು. ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ ಕೊಡುವ ಕೆಲಸ ಅವಳದೇ. ನಮ್ಮ ಹಾಗೆಯೇ ಗಿನಿಪಿಗ್ ಮೈಗೂ ವಿಟಮಿನ್ ಸಿ ತಾನೇ ಮಾಡಿಕೊಳ್ಳೋಕೆ ಆಗುವುದಿಲ್ಲ, ತಿನ್ನಿಸಲೇಬೇಕು. ಫ್ರಿಜ್ ಬಾಗಿಲ ಸದ್ದಾದರೆ ಸಾಕು, ಎರಡೂ ಕುಯ್ಯೋ ಅನ್ನುತ್ತವೆ.

ತಮ್ಮನಿಗೆ ಈಗ ಎರಡೂವರೆ. ಅವನಿಗೆ ಮುಟ್ಟಲು ಬಿಟ್ಟಿಲ್ಲ, ಇನ್ನೂ ಎರಡು ವರ್ಷದ ಮೇಲೆ ಬೇಕು. ಅವನು ಗೂಡಿನಿಂದ ಒಂದು ಮಾರು ದೂರದ ಮಣೆ ಮೇಲೆ ಕೂತು, ಅಕ್ಕ ಕೊತ್ತಂಬರಿ ಕೊಡುವುದನ್ನು ನೋಡುತ್ತಾನೆ. ರಾಗಿ ಗಂಟು ಮಾತ್ರ ಈಗ ಅವನ ಮಡಿಲಲ್ಲಿದೆ.